ಮನೆಯಂಗಳದಲ್ಲಿ ಮೋಟಾರು ಗಾಡಿಯ ನಿರ್ಮಾಣ



ಮೋಟಾರು ಗಾಡಿಯೆಂಬುದು ಹಣವುಳ್ಳವರು ಅಂಗಡಿಗೆ ಹೋಗಿ ಕೊಳ್ಳತಕ್ಕ ವಸ್ತುವೆಂದೇ ನಾವೆಲ್ಲರೂ ಭಾವಿಸಿರುವೆವು. ಅದರ ಮುಚ್ಚಳದ ಕೆಳಗೆ ಏನಿರುವುದೆಂಬುದನ್ನು ಮೆಕ್ಯಾನಿಕನು ಬಲ್ಲನು. ನಾವು ಬಲ್ಲದ್ದು ಬೀಗದ ಕೈಯನ್ನು ತಿರುಗಿಸುವುದಷ್ಟೆ. ಗಾಡಿಯು ದಾರಿಯಲ್ಲಿ ನಿಂತಿತೆಂದರೆ ನಮ್ಮ ವಿದ್ಯೆಯೂ ಅಲ್ಲಿಯೇ ನಿಲ್ಲುವುದು. ಆದರೆ ಗಾಡಿಯನ್ನು ಕೊಳ್ಳದೆ, ಮನೆಯ ಹಿತ್ತಿಲಿನಲ್ಲಿಯೋ ಕೊಟ್ಟಿಗೆಯಲ್ಲಿಯೋ ಮನೆಮಂದಿಯೆಲ್ಲರೂ ಕೂಡಿ ಒಂದೊಂದೇ ಬೋಲ್ಟನ್ನು ಬಿಗಿದು ಕಟ್ಟಿಕೊಳ್ಳುವವರೂ ಲೋಕದಲ್ಲಿ ಉಂಟು. ಇವರು ಕಟ್ಟುವುದು ಸಾಮಾನ್ಯವಾಗಿ ಇಬ್ಬರು ಕೂರತಕ್ಕ, ಮೇಲ್ಛಾವಣಿಯಿಲ್ಲದ, ಹಗುರವಾದ, ವೇಗದ ಗಾಡಿಯನ್ನು. ಇದನ್ನು ಸ್ಪೋರ್ಟ್ಸ್ ಕಾರು ಎನ್ನುವರು. ಬಿಡಿಭಾಗಗಳ ಕಟ್ಟಾಗಿ ಬಂದದ್ದನ್ನು ಮನೆಯಲ್ಲಿ ಜೋಡಿಸಿಕೊಂಡರೆ ಅದಕ್ಕೆ ಕಿಟ್ ಕಾರು ಎಂದು ಹೆಸರು. ಅಳತೆಗೆ ಕತ್ತರಿಸಿದ ಬಟ್ಟೆಯ ತುಂಡುಗಳನ್ನು ತಂದು ಮನೆಯಲ್ಲಿ ರವಿಕೆ ಹೊಲಿದುಕೊಳ್ಳುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಈ ವಿಷಯವೇತಕ್ಕೆಂದು ಕೆಲವರು ಕೇಳಬಹುದು. ಕಬ್ಬಿಣದ ಕುಲುಮೆಯುಳ್ಳ ಭದ್ರಾವತಿಗೂ, ಗ್ಯಾರೇಜುಗಳಿಂದ ತುಂಬಿದ ಶಿವಮೊಗ್ಗಕ್ಕೂ ಸೇರಿದವರು ನಾವು. ಇಂಥ ಸ್ಥಳದಲ್ಲಿ ಬೆಳೆಯುವ ಹುಡುಗಿಗೆ ಮೋಟಾರು ಗಾಡಿಯು ಒಂದು ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯಬೇಕೆ? ಮನೆಯಲ್ಲಿ ಗಾಡಿಯನ್ನು ಕಟ್ಟುವುದು ಸಾಧ್ಯವೆ, ಕ್ಷೇಮವೆ, ಕಾಯಿದೆಗೆ ಸಮ್ಮತವೆ? ಈ ಪ್ರಶ್ನೆಗಳಿಗೆ ನಾವು ತಿಳಿದಮಟ್ಟಿಗೆ ಉತ್ತರ ಹೇಳಬೇಕೆಂಬುದೇ ಈ ಲೇಖನದ ಉದ್ದೇಶವು.

ಮೊದಲ ಗಾಡಿಯೂ ಒಂದು ಕುಟುಂಬವೂ

ಮೋಟಾರು ಗಾಡಿಯ ಚರಿತ್ರೆಯೇ ಒಂದು ಕುಟುಂಬದ ಚರಿತ್ರೆಯಾಗಿ ಆರಂಭವಾಯಿತೆಂಬುದನ್ನು ಅನೇಕರು ಅರಿಯರು. ಜರ್ಮನಿ ದೇಶದ ಮಾನ್‌ಹೈಮ್ ನಗರದಲ್ಲಿದ್ದ ಕಾರ್ಲ್ ಬೆಂಜ್ ಎಂಬವರು ೧೮೮೬ರ ಜನವರಿಯಲ್ಲಿ ತಮ್ಮ ಮೂರು ಚಕ್ರದ ಗಾಡಿಗೆ ಹಕ್ಕುಪತ್ರವನ್ನು ಕೋರಿದರು. ಅವರ ಕಾರ್ಖಾನೆಯು ನಿಂತುಹೋಗದೆ ಉಳಿದುದು ಪತ್ನಿ ಬೆರ್ತಾ ಬೆಂಜ್ ಅವರು ತವರಿನಿಂದ ತಂದ ಹಣದ ಬಲದಿಂದ. ಆದರೂ ಜನರು ಗಾಡಿಯನ್ನು ನಂಬಲಿಲ್ಲ, ಕೊಳ್ಳುವವರೂ ಬರಲಿಲ್ಲ. ೧೮೮೮ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಆ ತಾಯಿಯು ಗಂಡನಿಗೂ ತಿಳಿಸದೆ, ಯೂಜೆನ್ ಮತ್ತು ರಿಚರ್ಡ್ ಎಂಬ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದ್ದ ಫೋರ್ಟ್ಸ್‌ಹೈಮಿನ ತವರುಮನೆಗೆ ಗಾಡಿಯನ್ನು ನಡೆಸಿಕೊಂಡು ಹೊರಟರು.

ದಾರಿಯಲ್ಲಿ ಇಂಧನದ ಕೊಳವೆಯು ಕಟ್ಟಿಕೊಂಡಾಗ ಟೋಪಿಗೆ ಸಿಕ್ಕಿಸುವ ಸೂಜಿಯಿಂದ ಅದನ್ನು ಬಿಡಿಸಿದರು. ತಂತಿಯ ಹೊದಿಕೆಯು ಸವೆದಾಗ ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದರು. ಇಂಧನವು ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡರು. ಏರು ಬಂದಾಗ ಮಕ್ಕಳು ಇಳಿದು ನೂಕಿದರು. ಬ್ರೇಕಿನ ಮರದ ದಿಮ್ಮಿಯು ಸವೆದಾಗ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಯಿಸಿದರು. ಏರನ್ನು ಹತ್ತುವುದಕ್ಕೆ ಇನ್ನೊಂದು ಗಿಯರು ಅವಶ್ಯಕವೆಂಬುದು ಈ ಪ್ರಯಾಣದಿಂದಲೇ ತಿಳಿದುಬಂದಿತು. ದೋಷವನ್ನು ಕಣ್ಣಿನಿಂದ ಕಂಡು, ಕೈಗೆ ಸಿಕ್ಕ ಸಾಧನದಿಂದ ಸರಿಪಡಿಸಿ, ಮುಂದಣ ಗಾಡಿಗೆ ಬೇಕಾದ ತಿದ್ದುಪಾಟನ್ನು ಸೂಚಿಸುವುದು ಎಂಜಿನಿಯರರ ಕೆಲಸವಲ್ಲದೆ ಮತ್ತೇನು? ಯಾವ ಪದವಿಯೂ ಇಲ್ಲದ ಒಬ್ಬ ಗೃಹಿಣಿಯು ಅದನ್ನು ಮಾಡಿ ತೋರಿಸಿದರು.

ಕಿಟ್ ಕಾರಿನ ಹುಟ್ಟು

ಬಿಡಿಭಾಗಗಳಿಂದ ಮನೆಯಲ್ಲಿ ಗಾಡಿಯನ್ನು ಕಟ್ಟುವ ಅಭ್ಯಾಸವು ಬೇರೂರಿದುದು ಇಂಗ್ಲೆಂಡಿನಲ್ಲಿ. ಲಂಡನ್ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಾಲಿನ್ ಚಾಪ್‌ಮನ್ ಎಂಬ ಯುವಕನು ೧೯೪೮ರಲ್ಲಿ ಹಳೆಯದೊಂದು ಆಸ್ಟಿನ್ ಸೆವೆನ್ ಗಾಡಿಯನ್ನು ಕಳಚಿ, ತನ್ನ ಮೊದಲ ಗಾಡಿಯನ್ನು ಕಟ್ಟಿದನು. ಕಟ್ಟಿದ ಸ್ಥಳವು ಹೇಜಲ್ ವಿಲಿಯಮ್ಸ್ ಎಂಬ ಗೆಳತಿಯ ತಂದೆತಾಯಂದಿರ ಮನೆಯ ಹಿಂದಿದ್ದ ಗ್ಯಾರೇಜು. ೧೯೫೨ರಲ್ಲಿ ಲೋಟಸ್ ಎಂಬ ಸಂಸ್ಥೆಯನ್ನು ಆರಂಭಿಸುವುದಕ್ಕೆ ೨೫ ಪೌಂಡುಗಳ ಸಾಲವನ್ನು ಕೊಟ್ಟವಳೂ ಆಕೆಯೇ; ಮುಂದೆ ಅವರಿಬ್ಬರೂ ದಂಪತಿಗಳಾದರು. ಮುಂದಿನ ದಶಕಗಳಲ್ಲಿ ಜಗತ್ತಿನ ಮೋಟಾರು ಪಂದ್ಯಗಳನ್ನು ಗೆದ್ದ ಆ ಸಂಸ್ಥೆಯ ಮೊದಲ ಕಾರ್ಯಾಗಾರವು ಒಂದು ಸಂಸಾರದ ಹಿತ್ತಿಲೆಂಬುದು ಗಮನಿಸತಕ್ಕ ಸಂಗತಿಯಾಗಿದೆ.

೧೯೫೭ರಲ್ಲಿ ಆ ಸಂಸ್ಥೆಯು ಲೋಟಸ್ ಸೆವೆನ್ ಎಂಬ ಸರಳವಾದ ಗಾಡಿಯನ್ನು ಹೊರತಂದಿತು. ಆಗ ಇಂಗ್ಲೆಂಡಿನಲ್ಲಿ ಸಂಪೂರ್ಣವಾಗಿ ಸಿದ್ಧವಾದ ಗಾಡಿಗೆ ಖರೀದಿಯ ತೆರಿಗೆಯಿದ್ದಿತು. ಬಿಡಿಭಾಗಗಳ ಕಟ್ಟಿಗೆ ಇರಲಿಲ್ಲ. ಆದಕಾರಣ ಮಿತವ್ಯಯಿಗಳಾದ ಯುವಕರು ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಕೊಂಡು ಮನೆಯಲ್ಲಿ ಜೋಡಿಸಿಕೊಂಡರು. ಜೋಡಣೆಯ ಕ್ರಮವನ್ನು ಬರೆದುಕೊಟ್ಟರೆ ತೆರಿಗೆಯು ತಗಲುವುದೆಂದು, ಕಳಚುವ ಕ್ರಮವನ್ನು ಬರೆದುಕೊಟ್ಟು ಅದನ್ನು ಹಿಂದುಮುಂದಾಗಿ ಓದಿಕೊಳ್ಳಲು ಬಿಟ್ಟರೆಂಬ ವಿನೋದದ ಮಾತೂ ಪ್ರಚಾರದಲ್ಲಿದೆ. ೧೯೭೩ರಲ್ಲಿ ಆ ಗಾಡಿಯ ಹಕ್ಕು ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ಹೋಯಿತು; ಇಂದಿಗೂ ಅದು ಕಟ್ಟಾಗಿ ದೊರೆಯುತ್ತದೆ. ಕಟ್ಟನ್ನೂ ಕೊಳ್ಳಲಾರದವರಿಗಾಗಿ ರಾನ್ ಚಾಂಪಿಯನ್ ಎಂಬವರು ೧೯೯೬ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿ, ಚೌಕ ಕೊಳವೆಗಳಿಂದ ಚೌಕಟ್ಟನ್ನೂ ಹಳೆಯ ಗಾಡಿಯೊಂದರಿಂದ ಎಂಜಿನ್ನನ್ನೂ ಪಡೆದು ೨೫೦ ಪೌಂಡುಗಳಷ್ಟರಲ್ಲಿ ಗಾಡಿ ಕಟ್ಟುವ ದಾರಿಯನ್ನು ತೋರಿದರು. ಅನಂತರ ಎಷ್ಟೋ ದೇಶಗಳ ಮನೆಗಳಲ್ಲಿ ಆ ಮಾದರಿಯ ಗಾಡಿಗಳು ರೂಪುಗೊಂಡವು.

ನಮ್ಮ ನಾಡಿನ ಸಂಗತಿ

ಈ ವಿದ್ಯೆಯು ನಮ್ಮ ನಾಡಿಗೆ ತೀರ ಹೊರಗಿನದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ನಷ್ಟದಲ್ಲಿದ್ದ ಅದನ್ನು ಅಧ್ಯಕ್ಷರಾಗಿ ನಿಂತು ದಾರಿಗೆ ತಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ಭಾರತದಲ್ಲಿಯೇ ಮೋಟಾರು ಗಾಡಿಗಳನ್ನು ತಯಾರಿಸಬೇಕೆಂದು ಹಟ ಹಿಡಿದವರೂ ಅವರೇ. ೧೯೩೫ರಲ್ಲಿ ಅವರು ಯೂರೋಪು ಮತ್ತು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆಯನ್ನು ಸಿದ್ಧಪಡಿಸಿದರು. ಅಂದಿನ ಬ್ರಿಟಿಷ್ ಸರಕಾರದಿಂದ ಉತ್ತೇಜನವು ದೊರೆಯಲಿಲ್ಲ. ಆ ಪ್ರಯತ್ನದಲ್ಲಿ ಅವರೊಡನಿದ್ದ ವಾಲಚಂದ್ ಹೀರಾಚಂದರು ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೂ, ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಮೋಟಾರು ಸಂಸ್ಥೆಯನ್ನೂ ಸ್ಥಾಪಿಸಿದರು.

ಬಳಿಕ ಬೆಂಗಳೂರಿನ ಸಿಪಾನಿ ಸಂಸ್ಥೆಯು ಇಂಗ್ಲೆಂಡಿನ ರಿಲಯಂಟ್ ಕಿಟನ್ ಗಾಡಿಯನ್ನು ಆಧಾರವಾಗಿಟ್ಟುಕೊಂಡು ೧೯೮೨ರಲ್ಲಿ ಡಾಲ್ಫಿನ್ ಎಂಬ ಚಿಕ್ಕ ಗಾಡಿಯನ್ನು ಹೊರತಂದಿತು. ಅದರ ಮೈಯು ತಗಡಿನದಲ್ಲ, ಗಾಜಿನ ನಾರಿಗೆ ಅಂಟುದ್ರವವನ್ನು ಬಳಿದು ಅಚ್ಚಿನಲ್ಲಿ ಎರೆದ ಫೈಬರಿನದು. ೨೦೦೧ರಲ್ಲಿ ಬೆಂಗಳೂರಿನಿಂದಲೇ ಹೊರಟ ವಿದ್ಯುತ್ ಗಾಡಿ ರೇವಾ, ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಫಲಕಗಳನ್ನು ಹೊಂದಿಸಿದ ಗಾಡಿಯಾಗಿದ್ದಿತು. ಇವೆರಡೂ ಮಾರುಕಟ್ಟೆಯಿಂದ ಮರೆಯಾದವು. ಆದರೆ ತಗಡನ್ನು ಒತ್ತುವ ದೈತ್ಯ ಯಂತ್ರಗಳಿಲ್ಲದೆಯೂ, ಕೊಳವೆಯ ಚೌಕಟ್ಟು ಮತ್ತು ಅಚ್ಚಿನ ಮೈಗಳಿಂದ ಗಾಡಿಯನ್ನು ಕಟ್ಟಬಹುದೆಂಬುದನ್ನು ಇವು ತೋರಿಸಿಕೊಟ್ಟವು. ಮನೆಯಲ್ಲಿ ಕಟ್ಟುವವರು ಅನುಸರಿಸುವುದೂ ಇದೇ ದಾರಿಯನ್ನು. ಅಂಬಾಸಡರ್ ಗಾಡಿಯ ೧.೮ ಲೀಟರ್ ಇಸುಜು ಎಂಜಿನ್ನನ್ನು ಬಳಸಿ, ಲೋಟಸ್ ಸೆವೆನ್ ಮಾದರಿಯಲ್ಲಿ ಮಹಾರಾಷ್ಟ್ರದ ಚಿಂಕಾರಾ ಸಂಸ್ಥೆಯು ಒಂದು ರೋಡ್‌ಸ್ಟರ್ ಗಾಡಿಯನ್ನು ನಿರ್ಮಿಸಿದ್ದೂ ಉಂಟು.

ಇನ್ನು ನಮ್ಮ ಊರುಗಳನ್ನು ನೋಡೋಣ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಬೆಸುಗೆಯವರು, ಲೇತಿನವರು, ಟಿಂಕರ್ ಕೆಲಸದವರು, ವಯರಿಂಗ್ ಮಾಡುವವರು ಒಂದೇ ಕಡೆ ಇರುವರು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಣ ಮಾಚೇನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ. ಬೀಡಿನ ಎರಕದ ವಿದ್ಯೆಯು ಈ ಸೀಮೆಗೆ ಹಳೆಯದು. ಗುಜರಿ ಅಂಗಡಿಗಳಲ್ಲಿ ಹಳೆಯ ಗಾಡಿಗಳ ಅಂಗಾಂಗಗಳು ದೊರೆಯುತ್ತವೆ. ೨೦೨೩ರಲ್ಲಿ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವರೆಂಬ ನಿರ್ಧಾರವು ಹೊರಬಿದ್ದಾಗ ಊರೆಲ್ಲವೂ ತಳಮಳಗೊಂಡಿತು. ಕಾರ್ಖಾನೆಗಳ ಭಾಗ್ಯವು ನಮ್ಮ ಕೈಯಲ್ಲಿಲ್ಲ. ಆದರೆ ಒಂದು ಊರಿನ ಕೈಗಳಲ್ಲಿ ನೂರು ವರ್ಷ ಉಳಿದುಬಂದ ಜಾಣ್ಮೆಯನ್ನು ಮಕ್ಕಳಿಗೆ ದಾಟಿಸುವುದೂ ಬಿಡುವುದೂ ನಮ್ಮ ಕೈಯಲ್ಲಿಯೇ ಇದೆ.

ಚೌಕಟ್ಟಿನ ರಹಸ್ಯ

ಗಾಡಿಯನ್ನು ಕಟ್ಟುವ ಕ್ರಮವನ್ನು ಈಗ ಸಂಕ್ಷೇಪವಾಗಿ ವಿವರಿಸುವೆವು. ಮೊದಲನೆಯದು ಚೌಕಟ್ಟು. ನಾಲ್ಕು ಪೊರಕೆಕಡ್ಡಿಗಳನ್ನು ಗುಂಡುಸೂಜಿಯಿಂದ ಚಚ್ಚೌಕವಾಗಿ ಜೋಡಿಸಿ, ಒಂದು ಮೂಲೆಯನ್ನು ಒತ್ತಿರಿ. ಅದು ಕೂಡಲೇ ವಾಲುವುದು. ಅದೇ ಚೌಕಕ್ಕೆ ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿಯೊಂದನ್ನು ಓರೆಯಾಗಿ ಸಿಕ್ಕಿಸಿದರೆ ಎಷ್ಟು ಒತ್ತಿದರೂ ವಾಲದು. ಚೌಕವು ಎರಡು ತ್ರಿಕೋಣಗಳಾದುದೇ ಇದಕ್ಕೆ ಕಾರಣ. ತ್ರಿಕೋಣದ ಭುಜಗಳ ಉದ್ದವು ಬದಲಾಗದೆ ಅದರ ಆಕಾರವು ಬದಲಾಗಲಾರದು. ನಮ್ಮ ಹಂಚಿನ ಮನೆಗಳ ಮಾಡು ಗಾಳಿಮಳೆಗೆ ನಿಲ್ಲುವುದೂ, ಹಿತ್ತಿಲ ಗೇಟಿಗೆ ಓರೆಪಟ್ಟಿಯನ್ನು ಹೊಡೆಯುವುದೂ ಈ ತತ್ತ್ವದಿಂದಲೇ. ಗಾಡಿಯ ಚೌಕಟ್ಟು ಇಂಥ ಅನೇಕ ತ್ರಿಕೋಣಗಳ ಪಂಜರವಾಗಿದೆ. ಸುಮಾರು ೨೫ ಮಿಲಿಮೀಟರು ಅಗಲದ, ಒಂದೂವರೆ ಮಿಲಿಮೀಟರಿಗಿಂತ ತುಸು ದಪ್ಪನೆಯ ಗೋಡೆಯುಳ್ಳ ಚೌಕ ಕೊಳವೆಗಳು ಇದಕ್ಕೆ ಸಾಕಾಗುವುವು.

ಗಾಡಿಯು ಹಗುರವಾಗಿರಬೇಕಾದುದು ಅತ್ಯಗತ್ಯವು. ಲೋಟಸ್ ಸೆವೆನ್ ಮಾದರಿಯ ಗಾಡಿಯು ಸುಮಾರು ೫೦೦ ಕಿಲೋಗ್ರಾಮು ಮಾತ್ರ ತೂಗುವುದು. ತೂಕವು ಕಡಮೆಯಾದರೆ ಚಿಕ್ಕ ಎಂಜಿನ್ನೇ ವೇಗವನ್ನು ಕೊಡುವುದು. ಬ್ರೇಕಿಗೂ ಚಕ್ರಗಳಿಗೂ ಶ್ರಮವು ತಗ್ಗುವುದು. ಆದರೆ ವೇಗದ ವಿಷಯದಲ್ಲಿ ಒಂದು ಮಾತನ್ನು ಮರೆಯಬಾರದು. ವೇಗವು ಎರಡರಷ್ಟಾದರೆ, ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರವು ಎರಡರಷ್ಟಲ್ಲ, ನಾಲ್ಕರಷ್ಟಾಗುವುದು. ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಹತ್ತು ಮೀಟರಿನಲ್ಲಿ ನಿಲ್ಲುವ ಗಾಡಿಗೆ ೮೦ರಲ್ಲಿ ನಾಲ್ವತ್ತು ಮೀಟರು ಬೇಕು. ಈ ಲೆಕ್ಕವನ್ನು ತಿಳಿಯದವರ ಕೈಗೆ ಬೀಗದ ಕೈಯನ್ನು ಕೊಡಲಾಗದು.

ಚೌಕಟ್ಟನ್ನು ಕಟ್ಟುವಾಗ ಸಮವಾದ ದೊಡ್ಡ ಹಲಗೆಯ ಮೇಲೆ ನಕ್ಷೆಯನ್ನು ಪೂರ್ಣ ಅಳತೆಯಲ್ಲಿ ಬರೆದು, ಕತ್ತರಿಸಿದ ಕೊಳವೆಗಳನ್ನು ಅದರ ಮೇಲಿಟ್ಟು, ಅಲುಗಾಡದಂತೆ ಮರದ ತುಂಡುಗಳನ್ನು ಪಕ್ಕದಲ್ಲಿ ಹೊಡೆಯುವರು. ಮೊದಲು ಮೂಲೆಗಳಿಗೆ ಚುಕ್ಕಿಯಂಥ ಚಿಕ್ಕ ಬೆಸುಗೆಯನ್ನು ಮಾತ್ರ ಹಾಕತಕ್ಕದ್ದು. ಆಮೇಲೆ ಎರಡು ಕರ್ಣಗಳನ್ನೂ ಅಳೆದು, ಅವು ಸಮವಾಗಿದ್ದರೆ ಮಾತ್ರ ಪೂರ್ಣ ಬೆಸುಗೆಗೆ ಕೈಹಾಕುವುದು. ಹೊಲಿಗೆಯ ತರಗತಿಯಲ್ಲಿ ಮೊದಲು ಓಡುಹೊಲಿಗೆಯನ್ನು ಹಾಕಿ, ಮೈಗೆ ಹಿಡಿದು ನೋಡಿ, ಬಳಿಕ ಭದ್ರವಾಗಿ ಹೊಲಿಯುತ್ತಿದ್ದುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಬೆಸುಗೆಯ ಕಾವಿಗೆ ಕಬ್ಬಿಣವು ಎಳೆದುಕೊಳ್ಳುವುದರಿಂದ, ಒಂದೇ ಪಕ್ಕದಲ್ಲಿ ಬೆಸೆಯುತ್ತ ಹೋದರೆ ಚೌಕಟ್ಟು ಸೊಟ್ಟಗಾಗುವುದು. ಒಮ್ಮೆ ಈ ಪಕ್ಕ, ಒಮ್ಮೆ ಆ ಪಕ್ಕ ಬೆಸೆಯಬೇಕು.

ಕಾಣದ ಬೆಸುಗೆಯ ಪ್ರಾಮಾಣಿಕತೆ

ಇಲ್ಲಿಯೇ ಈ ಕೆಲಸದ ನಿಜವಾದ ಪರೀಕ್ಷೆಯು ಬರುವುದು. ಬೆಸುಗೆಯು ಮೇಲೆ ಹೊಳೆಯುತ್ತಿದ್ದರೂ ಒಳಗೆ ಕೊಳವೆಯೊಡನೆ ಕರಗಿ ಕೂಡದೆ ಇರಬಹುದು. ಅರದಿಂದ ಉಜ್ಜಿ, ಬಣ್ಣವನ್ನು ಬಳಿದ ಮೇಲೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ವ್ಯತ್ಯಾಸವು ಯಾರ ಕಣ್ಣಿಗೂ ಬೀಳದು. ಆದರೆ ತಿರುವಿನಲ್ಲಿ ಗಾಡಿಯ ಭಾರವೆಲ್ಲವೂ ಒಂದು ಚಕ್ರದ ಮೇಲೆ ಬಿದ್ದಾಗ ಆ ಬೆಸುಗೆಯು ಸತ್ಯವನ್ನು ಹೇಳುವುದು. ಆದಕಾರಣ ಕಲಿಯುವವರು ಮೊದಲು ಬಿಸಾಡತಕ್ಕ ತುಂಡುಗಳನ್ನು ಬೆಸೆದು, ಅವನ್ನು ಸುತ್ತಿಗೆಯಿಂದ ಹೊಡೆದು ಮುರಿದು ನೋಡಬೇಕು. ಬೆಸುಗೆಯು ಬಿಟ್ಟರೆ ಕೈ ಇನ್ನೂ ಪಳಗಿಲ್ಲ; ಬೆಸುಗೆಯು ನಿಂತು ಕೊಳವೆಯೇ ಹರಿದರೆ ಮುಂದುವರಿಯಬಹುದು. ಚಕ್ರಗಳ ತೋಳುಗಳನ್ನು ಹಿಡಿಯುವ ಕೊಂಡಿಗಳು, ಆಸನಪಟ್ಟಿಯ ಆಧಾರಗಳು ಮೊದಲಾದ, ಪ್ರಾಣವೇ ನೆಚ್ಚಿಕೊಂಡಿರುವ ಸ್ಥಳಗಳ ಬೆಸುಗೆಯನ್ನು ತರಬೇತಿ ಪಡೆದ ಕೆಲಸಗಾರರಿಂದಲೇ ಮಾಡಿಸುವುದು ವಿಹಿತವು. ತನಗೆ ಬಾರದುದನ್ನು ಬಾರದೆಂದು ಒಪ್ಪಿಕೊಳ್ಳುವುದೂ ಈ ವಿದ್ಯೆಯ ಒಂದು ಪಾಠವಾಗಿದೆ.

ಚೌಕಟ್ಟು ಮುಗಿದ ಮೇಲೆ ಎಂಜಿನ್ನು. ಇಂಗ್ಲೆಂಡಿನಲ್ಲಿ ಹಳೆಯ ಫೋರ್ಡ್ ಎಸ್ಕಾರ್ಟ್ ಗಾಡಿಯನ್ನು ಕಳಚುತ್ತಿದ್ದರು. ನಮ್ಮಲ್ಲಿ ಹಿಂದಣ ಚಕ್ರಗಳನ್ನು ತಿರುಗಿಸುವ ಮಾರುತಿ ಓಮ್ನಿ ಮತ್ತು ಜಿಪ್ಸಿ ಗಾಡಿಗಳ ಭಾಗಗಳು ಇದಕ್ಕೆ ಹೊಂದಿಕೊಳ್ಳತಕ್ಕವು. ಮಾರುತಿ ೮೦೦ರ ಮೂರು ಸಿಲಿಂಡರಿನ, ೭೯೬ ಘನ ಸೆಂಟಿಮೀಟರಿನ ಎಂಜಿನ್ನನ್ನು ಚಾಲಕನ ಬೆನ್ನ ಹಿಂದಿಟ್ಟು ಫಾರ್ಮುಲಾ ಮಾರುತಿ ಎಂಬ ಪಂದ್ಯದ ಗಾಡಿಗಳನ್ನೇ ನಮ್ಮ ದೇಶದಲ್ಲಿ ಕಟ್ಟಿದರು. ಎಂಜಿನ್ನನ್ನು ಚೈನ್ ಪುಲ್ಲಿಯಿಂದ ಎತ್ತಿ ಇಳಿಸುವಾಗ ಒಬ್ಬರು ಸರಪಳಿಯನ್ನು ಹಿಡಿಯಬೇಕು, ಒಬ್ಬರು ಎಂಜಿನ್ನನ್ನು ತಿರುಗದಂತೆ ತಡೆಯಬೇಕು, ಒಬ್ಬರು ಬೋಲ್ಟಿನ ರಂಧ್ರವನ್ನು ನೋಡಿ ದಾರಿ ಹೇಳಬೇಕು. ಒಬ್ಬಂಟಿಗನಿಂದ ಇದು ಆಗದ ಮಾತು.

ಮನೆಮಂದಿಯ ಪಾತ್ರ

ಕುಟುಂಬದ ಸಹಾಯವೆಂದರೆ ಕೆಲಸ ಮಾಡುವವನಿಗೆ ಕಾಫಿಯನ್ನು ತಂದುಕೊಡುವುದೆಂದು ತಿಳಿಯಬಾರದು. ಬ್ರೇಕಿನ ಕೆಲಸವನ್ನೇ ನೋಡಿರಿ. ಪಾದದ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವುದು ಕೊಳವೆಗಳಲ್ಲಿ ತುಂಬಿದ ಬ್ರೇಕ್ ಎಣ್ಣೆ. ಎಣ್ಣೆಯು ಒತ್ತಿದರೆ ಕುಗ್ಗುವುದಿಲ್ಲ, ಗಾಳಿಯು ಕುಗ್ಗುವುದು. ಕೊಳವೆಯಲ್ಲಿ ಗಾಳಿಯ ಗುಳ್ಳೆಗಳು ಉಳಿದರೆ ಪೆಡಲು ಮೆತ್ತಗೆ ಕೆಳಗಿಳಿಯುವುದೇ ಹೊರತು ಗಾಡಿಯು ನಿಲ್ಲದು. ಗಾಳಿಯನ್ನು ತೆಗೆಯಲು ಒಬ್ಬರು ಆಸನದಲ್ಲಿ ಕುಳಿತು ಪೆಡಲನ್ನು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿ ಕುಳಿತು ಚಿಕ್ಕ ತಿರುಪನ್ನು ಸಡಿಲಿಸಿ, ಗುಳ್ಳೆಯೊಡನೆ ಎಣ್ಣೆಯು ಹೊರಬಿದ್ದೊಡನೆ ಬಿಗಿಯಬೇಕು. ಬಿಗಿದೆನೆಂಬ ಮಾತನ್ನು ಕೇಳುವವರೆಗೂ ಪೆಡಲಿನವರು ಪಾದವನ್ನು ಎತ್ತಕೂಡದು. ಎತ್ತಿದರೆ ಗಾಳಿಯು ಮರಳಿ ಒಳಹೊಗುವುದು. “ಒತ್ತು”, “ಒತ್ತಿದೆ”, “ಬಿಗಿದೆ”, “ಬಿಡು” ಎಂಬ ನಾಲ್ಕು ಮಾತುಗಳು ತಂದೆಗೂ ಮಗಳಿಗೂ ನಡುವೆ ನೂರು ಸಲ ಓಡಾಡುವುವು. ಪರಸ್ಪರ ಮಾತಿಗೆ ಕಿವಿಗೊಡುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಪಾಠಶಾಲೆಯು ಬೇರೊಂದಿಲ್ಲ.

ವಯರಿಂಗಿನಲ್ಲಿ ಬಣ್ಣಬಣ್ಣದ ತಂತಿಗಳಿಗೆ ಚೀಟಿ ಕಟ್ಟಿ, ಯಾವುದು ಎಲ್ಲಿಂದ ಎಲ್ಲಿಗೆಂಬುದನ್ನು ಪುಸ್ತಕದಲ್ಲಿ ಬರೆದಿಡುವ ತಾಳ್ಮೆಯುಳ್ಳವರು ಬೇಕು. ಪ್ರತಿಯೊಂದು ಶಾಖೆಗೂ ಫ್ಯೂಸು ಬೇಕು; ಇಲ್ಲವಾದರೆ ಒಂದು ತಂತಿಯ ತಪ್ಪು ಗಾಡಿಯನ್ನೇ ಸುಡಬಹುದು. ಮೂಗಿನ ಭಾಗವನ್ನೂ ಚಕ್ರದ ಮುಚ್ಚಿಗೆಗಳನ್ನೂ ಫೈಬರಿನಲ್ಲಿ ಎರೆಯುವಾಗ, ಅಂಟುದ್ರವಕ್ಕೆ ಗಟ್ಟಿಮಾಡುವ ದ್ರವವನ್ನು ಅಳತೆ ತಪ್ಪದೆ ಸೇರಿಸಿ, ಅದು ಗಟ್ಟಿಯಾಗುವ ಮೊದಲು ಕೆಲಸವನ್ನು ಮುಗಿಸಬೇಕು. ಪಾಕದ ಎಳೆಯನ್ನು ನೋಡಿ ಒಲೆಯಿಂದ ಇಳಿಸಬಲ್ಲವರಿಗೆ ಈ ಎಚ್ಚರವು ಹೊಸದಲ್ಲ. ಕೊನೆಯಲ್ಲಿ ಬೋಲ್ಟುಗಳ ತಪಾಸಣೆ: ಒಬ್ಬರು ಬಿಗಿದ ಬೋಲ್ಟನ್ನು ಇನ್ನೊಬ್ಬರು ಪರೀಕ್ಷಿಸಿ, ಬಣ್ಣದ ಗೆರೆಯೊಂದನ್ನು ಎಳೆಯತಕ್ಕದ್ದು. ತಾನು ಮಾಡಿದ ತಪ್ಪು ತನ್ನ ಕಣ್ಣಿಗೆ ಕಾಣದು. ತಂಗಿಯ ಕಣ್ಣಿಗೆ ಕಾಣುವುದು.

ಕೆಲವು ಎಚ್ಚರಿಕೆಗಳನ್ನು ತಂದೆತಾಯಂದಿರು ಬರೆದು ಗೋಡೆಗೆ ಅಂಟಿಸಬೇಕು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ಹೊಗಬಾರದು. ಕಬ್ಬಿಣದ ಭದ್ರವಾದ ಆಧಾರಗಳನ್ನು ಇಡಬೇಕು. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು. ಪೆಟ್ರೋಲಿನ ಟ್ಯಾಂಕು ಇರುವೆಡೆ ಕಿಡಿ ಹಾರಿಸಬಾರದು. ಫೈಬರಿನ ಕೆಲಸವನ್ನು ಗಾಳಿಯಾಡುವ ಬಯಲಿನಲ್ಲಿ, ಕೈಚೀಲವನ್ನೂ ಮುಖವಸ್ತ್ರವನ್ನೂ ಧರಿಸಿಯೇ ಮಾಡಬೇಕು. ಸೆರಗನ್ನಾಗಲಿ, ದುಪ್ಪಟ್ಟವನ್ನಾಗಲಿ, ಬಿಚ್ಚಿದ ಜಡೆಯನ್ನಾಗಲಿ ತಿರುಗುವ ಯಂತ್ರದ ಬಳಿ ಬಿಡಲಾಗದು. ಈ ನಿಯಮಗಳನ್ನು ಪಾಲಿಸಲಾರದ ಮನೆಯವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಕಾಯಿದೆಯ ಮಾತು

ಈಗ ಅಪ್ರಿಯವಾದರೂ ಹೇಳಲೇಬೇಕಾದ ಮಾತು. ಮನೆಯಲ್ಲಿ ಕಟ್ಟಿದ ಗಾಡಿಯನ್ನು ಬಿ.ಎಚ್. ರಸ್ತೆಯಲ್ಲಿ ಓಡಿಸಬಹುದೆ? ಓಡಿಸಕೂಡದು. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸುವುದು ನಿಷಿದ್ಧವು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೬ನೆಯದು, ತಯಾರಕರು ತಮ್ಮ ಗಾಡಿಯ ಮಾದರಿಯನ್ನು ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಮೊದಲಾದ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಪ್ಪಿಸಬೇಕೆಂದು ವಿಧಿಸುತ್ತದೆ. ಸಾವಿರಾರು ಗಾಡಿಗಳನ್ನು ಮಾರುವವರಿಗೆ ಆ ಖರ್ಚು ಹಂಚಿಹೋಗುವುದು. ಒಂದೇ ಗಾಡಿಯನ್ನು ಕಟ್ಟುವ ಸಂಸಾರಕ್ಕೆ ಅದು ನಿಲುಕದು. ನೋಂದಣಿಯಾದ ಹಳೆಯ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವುದಕ್ಕೂ ಅದೇ ಕಾಯಿದೆಯ ೫೨ನೆಯ ಸೆಕ್ಷನ್ನು ಅಡ್ಡವಾಗಿದೆ; ೨೦೧೯ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ.

ಇಂಗ್ಲೆಂಡಿನಲ್ಲಿ ಹೀಗಲ್ಲ. ಅಲ್ಲಿ ೧೯೯೮ರಿಂದ ಮನೆಯಲ್ಲಿ ಕಟ್ಟಿದ ಒಂದೊಂದು ಗಾಡಿಯನ್ನೂ ಬಿಡಿಯಾಗಿ ಪರೀಕ್ಷಿಸಿ, ಉತ್ತೀರ್ಣವಾದರೆ ರಸ್ತೆಗೆ ಬಿಡುವ ಏರ್ಪಾಡು ಇದೆ. ೨೦೦೯ರಲ್ಲಿ ಆ ಪರೀಕ್ಷೆಯನ್ನು ಇನ್ನಷ್ಟು ಬಿಗಿಗೊಳಿಸಿದರು. ನಮ್ಮಲ್ಲಿಯೂ ಇಂಥದೊಂದು ದಾರಿಯು ತೆರೆಯಲೆಂದು ಹಾರೈಸಬಹುದು. ತೆರೆಯುವ ತನಕ ಕಾಯಿದೆಯನ್ನು ಕಳ್ಳದಾರಿಯಿಂದ ದಾಟುವುದು ಸಲ್ಲದು. ಹಳೆಯ ಗಾಡಿಯ ಸಂಖ್ಯೆಯನ್ನು ಹೊಸ ಚೌಕಟ್ಟಿಗೆ ಅಂಟಿಸುವುದು ಸುಳ್ಳು. ಕಾಣದ ಬೆಸುಗೆಯಲ್ಲಿ ಸತ್ಯವನ್ನು ಬೇಡಿದವರು ಕಾಣುವ ಫಲಕದಲ್ಲಿ ಸುಳ್ಳನ್ನು ಬರೆಯಬಹುದೆ? ರಸ್ತೆಯಲ್ಲಿ ಎದುರಿಗೆ ಬರುವವರ ಮಕ್ಕಳೂ ನಮ್ಮ ಮಕ್ಕಳಂತೆಯೇ ಅಲ್ಲವೆ?

ಹಾಗಾದರೆ ಗಾಡಿಯನ್ನು ಓಡಿಸುವುದೆಲ್ಲಿ? ಸ್ವಂತ ಜಮೀನಿನಲ್ಲಿ, ಸಾರ್ವಜನಿಕರು ಬಾರದೆಡೆ, ಮೆಲ್ಲನೆ ಓಡಿಸಿ ನೋಡಬಹುದು. ಕೊಯಮತ್ತೂರಿನಲ್ಲಿಯೂ ಚೆನ್ನೈ ಬಳಿಯ ಇರುಂಗಾಟುಕೋಟೆಯಲ್ಲಿಯೂ ಮೋಟಾರು ಪಂದ್ಯದ ಪಥಗಳಿವೆ. ಅಲ್ಲಿ ತಪಾಸಣೆಯ ಕಟ್ಟಳೆಗಳಿಗೆ ಒಳಪಡಬೇಕು. ಕಾಲೇಜಿನ ವಿದ್ಯಾರ್ಥಿಗಳಿಗಾಗಿ ೨೦೦೭ರಿಂದ ಬಾಹಾ ಎಂಬ, ೨೦೧೧ರಿಂದ ಸುಪ್ರಾ ಎಂಬ ಸ್ಪರ್ಧೆಗಳನ್ನು ಎಸ್‌ಎಇ ಇಂಡಿಯಾ ಸಂಸ್ಥೆಯು ನಡೆಸಿಕೊಂಡು ಬಂದಿದೆ. ಇವುಗಳಲ್ಲಿ ವಿದ್ಯಾರ್ಥಿಗಳ ತಂಡಗಳು ತಾವೇ ಗಾಡಿಯನ್ನು ರಚಿಸಿ, ಕಟ್ಟಿ, ಪರೀಕ್ಷಕರ ಮುಂದೆ ಅದರ ಪ್ರತಿಯೊಂದು ಅಂಗಕ್ಕೂ ಕಾರಣವನ್ನು ಹೇಳಬೇಕು. ಮನೆಯಲ್ಲಿ ಸ್ಪ್ಯಾನರು ಹಿಡಿದು ಕಲಿತ ಹುಡುಗಿಗೆ ಇದು ಯೋಗ್ಯವಾದ, ಕಾಯಿದೆಗೆ ಒಪ್ಪಿದ ರಂಗಸ್ಥಳವು.

ನಮ್ಮ ವಿಜ್ಞಾಪನೆ

ಹೆಣ್ಣುಮಕ್ಕಳ ಕೈಗೆ ಮಸಿಯಾಗುವುದೆಂದು ಅಂಜುವ ತಾಯಂದಿರಿಗೆ ನಮ್ಮ ಒಂದು ಮಾತಿದೆ. ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು ೧೯೭೦ರ ದಶಕದಲ್ಲಿ ಟೆಲ್ಕೋ ಎಂಬ ಮೋಟಾರು ಸಂಸ್ಥೆಯ ಪ್ರಕಟಣೆಯಲ್ಲಿ ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂಬುದನ್ನು ಓದಿ, ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಪೋಸ್ಟ್ ಕಾರ್ಡನ್ನು ಬರೆದರು. ಆ ಕಾರ್ಡಿನ ಫಲವಾಗಿ ಸಂಸ್ಥೆಯು ಅವರನ್ನು ಕರೆಯಿಸಿ ಪರೀಕ್ಷಿಸಿತು. ಅವರು ಅಲ್ಲಿನ ಮೊದಲ ಮಹಿಳಾ ಎಂಜಿನಿಯರರಾದರು. ಒಂದು ಕಾರ್ಡಿನಿಂದ ತೆರೆದ ಬಾಗಿಲಿನಲ್ಲಿ ಬಳಿಕ ಎಷ್ಟೋ ಮಂದಿ ಒಳಹೊಕ್ಕರು. ಬಾಗಿಲು ತೆರೆದಿದ್ದರೂ ಒಳಹೊಗುವ ಧೈರ್ಯವು ಮನೆಯಲ್ಲಿಯೇ ಹುಟ್ಟಬೇಕು. ಅಣ್ಣನಿಗೆ ಸ್ಪ್ಯಾನರನ್ನೂ ತಂಗಿಗೆ ಪೊರಕೆಯ ಕಡ್ಡಿಯನ್ನೂ ಕೊಡುವ ಮನೆಯಲ್ಲಿ ಅದು ಹುಟ್ಟಲಾರದು.

ಎಲ್ಲ ಸಂಸಾರಗಳೂ ಸ್ಪೋರ್ಟ್ಸ್ ಕಾರನ್ನು ಕಟ್ಟಬೇಕೆಂದು ನಾವು ಹೇಳುವುದಿಲ್ಲ. ಅದಕ್ಕೆ ಹಣವೂ ಸ್ಥಳವೂ ವರ್ಷಗಟ್ಟಲೆ ಬಿಡುವೂ ಬೇಕು. ಅರ್ಧಕ್ಕೆ ನಿಂತ ಗಾಡಿಗಳೂ ಲೋಕದಲ್ಲಿ ಕಡಮೆಯಿಲ್ಲ. ಬರುವ ದಸರಾ ರಜೆಯಲ್ಲಿ ಒಂದು ಹಳೆಯ ಸೈಕಲಿನ ಚಕ್ರದ ಗುಂಬವನ್ನು ಬಿಚ್ಚಿ, ಗುಂಡುಗಳನ್ನು ಎಣಿಸಿ, ಗ್ರೀಸನ್ನು ಹಾಕಿ, ಮರಳಿ ಜೋಡಿಸಿರಿ. ಅದು ಸಲೀಸಾಗಿ ತಿರುಗಿದರೆ, ಮುಂದಣ ರಜೆಯಲ್ಲಿ ಸ್ಕೂಟರಿನ ಕಾರ್ಬುರೇಟರನ್ನು ನೋಡಬಹುದು. ಮುಂದೆಂದಾದರೂ ಕೊಟ್ಟಿಗೆಯಲ್ಲಿ ಚೌಕ ಕೊಳವೆಗಳು ಬಂದು ಬಿದ್ದರೆ, ಅಂದು ಅಳತೆಯ ಟೇಪಿನ ಒಂದು ತುದಿಯನ್ನು ಮಗಳ ಕೈಗೆ ಕೊಡಿರಿ. ಕರ್ಣಗಳು ಸಮವಾಗಿವೆಯೋ ಇಲ್ಲವೋ ಎಂಬುದನ್ನು ಅವಳೇ ಹೇಳಲಿ. ಇಲ್ಲವೆಂದು ಅವಳು ಹೇಳಿದರೆ, ಬೆಸುಗೆಯನ್ನು ಬಿಡಿಸಿ ಮತ್ತೆ ಮಾಡಿರಿ.